ಉದ್ರಿ ಪುಸ್ತಕದಿಂದ ಕ್ಯೂಆರ್ ಕೋಡ್‌ವರೆಗೆ: ಕಾಣದ ರೊಕ್ಕವನ್ನ ನಂಬಿದ್ದು ಹೇಗೆ?

ತುರ್ವಿಹಾಳದಂಥ ಊರಲ್ಲೂ ಈಗ ಹತ್ತು ರೂಪಾಯಿ ಚಹಾಕ್ಕೆ ಫೋನ್ ತೆಗೀತೀವಿ. ಕಣ್ಣಿಗೆ ಕಾಣದ ರೊಕ್ಕವನ್ನ ನಂಬೋದನ್ನ ನಾವು ಕಲಿತದ್ದು ಹೇಗೆ? ಇವತ್ತು ಅದರ ಕಥೆ ಹೇಳ್ತೀನಿ.

ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಭತ್ತದ ಸೀಮೆ ಆಯ್ತು. ಭತ್ತ ಮಾರಿದಾಗ ಕೈಗೆ ರೊಕ್ಕ, ಅಲ್ಲಿವರೆಗೆ ಕಿರಾಣಿ ಅಂಗಡಿಯಲ್ಲಿ ಉದ್ರಿ. ಯಾರ ಮಗ, ಯಾವ ಓಣಿ ಅಂತ ಅಂಗಡಿಯವರಿಗೆ ಗೊತ್ತು. ಲೆಕ್ಕ ತಪ್ಪಿದರೆ ಅಲ್ಲೇ ನಿಂತು ಕೇಳಬಹುದಿತ್ತು.

1976ರಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಶುರುವಾಯ್ತು. 2005ರಲ್ಲಿ ಅದು ಪ್ರಗತಿ ಗ್ರಾಮೀಣ ಬ್ಯಾಂಕ್‌ನಲ್ಲಿ ಸೇರಿತು. 2019ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್. ಬೋರ್ಡ್ ಬದಲಾದರೂ ಜನ ಪಾಸ್‌ಬುಕ್ ನಂಬಿದರು. ಯಾಕಂದ್ರೆ ಕೌಂಟರ್ ಹಿಂದೆ ಕೇಳೋಕೆ ಒಬ್ಬ ಮನುಷ್ಯ ಇದ್ದ.

2016ರ ಏಪ್ರಿಲ್‌ನಲ್ಲಿ ಯುಪಿಐ ಬಂತು. ಅದೇ ನವೆಂಬರ್ 8ಕ್ಕೆ ನೋಟ್ ಬ್ಯಾನ್. ಸ್ಕ್ಯಾನ್ ಮಾಡೋದನ್ನ ಕಲಿತೆವು. ಆದ್ರೆ ಹೊಸ ಭಯವೊಂದು ಹುಟ್ಟಿತು: ನಮ್ಮ ಖಾತೆಯಿಂದ ಕಟ್ ಆಗಿ, ಅಂಗಡಿಯವರಿಗೆ ಹೋಗದಿದ್ರೆ? ಗೋಡೆಗೆ ಅಂಟಿಸಿದ ಚೀಟಿಯನ್ನ ಯಾರು ಕೇಳ್ತಾರೆ?

ಇದಕ್ಕೆ ಉತ್ತರ 2019ರ ಸೆಪ್ಟೆಂಬರ್‌ನಲ್ಲಿ ಆರ್‌ಬಿಐ ಕೊಟ್ಟಿತು. ಅಂಗಡಿಗೆ ಕಟ್ಟಿದ ಯುಪಿಐ ದುಡ್ಡು ತಲುಪದಿದ್ದರೆ 5 ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗ್ರಾಹಕ ದೂರು ಕೊಡದಿದ್ರೂ. ಈ ನಿಯಮ ನಿಮಗೆ ಮೊದಲೇ ಗೊತ್ತಿತ್ತಾ? ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ ಹಕ್ಕನ್ನ ಕೇಳೋರು ಯಾರು?

2025ರ ಜುಲೈನಲ್ಲಿ ಅಂಗಡಿಯವರ ನಂಬಿಕೆಯೇ ಅಲುಗಾಡಿತು. ಯುಪಿಐ ವಹಿವಾಟಿನ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ಆದ್ರೆ ತರಕಾರಿ, ಹಾಲಿಗೆ ತೆರಿಗೆಯೇ ಇಲ್ಲ. ಖಾತೆಗೆ ಬಂದದ್ದೆಲ್ಲ ವ್ಯಾಪಾರವೂ ಅಲ್ಲ. ಬೆಂಗಳೂರಿನಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅನ್ನೋ ಬೋರ್ಡ್ ಬಂದವು. ಜುಲೈ 23ರಂದು ವ್ಯಾಪಾರಿಗಳ ಜೊತೆ ಸಭೆ ನಡೆಸಿದ ಮುಖ್ಯಮಂತ್ರಿ ಸಿದ್ದರಾಮಯ್ಯ, ನೋಂದಣಿ ಮಾಡಿಸಿಕೊಂಡವರಿಂದ ಹಳೆ ಬಾಕಿ ವಸೂಲಿ ಮಾಡಲ್ಲ ಅಂದರು.

ಮರುತಿಂಗಳು, ಆಗಸ್ಟ್‌ನಲ್ಲಿ, ದೇಶದ ಯುಪಿಐ ವಹಿವಾಟು ಮೊದಲ ಬಾರಿ 2,000 ಕೋಟಿ ದಾಟಿತು. ಅಂದ್ರೆ ನಂಬಿಕೆ ಸಾಯಲಿಲ್ಲ. ಆದ್ರೆ ಉದ್ರಿ ಪುಸ್ತಕವನ್ನ ಇಬ್ಬರೇ ಓದ್ತಿದ್ರು. ಈ ಪುಸ್ತಕ ಓದೋರು ಬಹಳ. ತಪ್ಪಾದಾಗ ಕೇಳೋ ಜಾಗ ಹತ್ತಿರ ಇದ್ದರೆ ಮಾತ್ರ ನಂಬಿಕೆ ಉಳಿಯುತ್ತೆ ಅಂತ ನನಗನ್ನಿಸುತ್ತೆ. ಮೋಸ ಆದರೆ ಕೂಡಲೇ 1930ಕ್ಕೆ ಕರೆ ಮಾಡಿ. ಮನೆಯ ಹಿರಿಯರಿಗೂ ಹೇಳಿ.