ಕತ್ತಿನ ಗ್ರಂಥಿ ಮತ್ತು ಮೂತ್ರಪಿಂಡದ ಮೇಲಿನ ಗ್ರಂಥಿ

ಕಂಬಂ ಕಣಿವೆಯ ನಮ್ಮಂಥವರ ಮನೆಮಾತು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು. ಹಾಗಾಗಿ ‘ಗಳಗಂಡ’ ಅನ್ನೋ ಮಾತು ನನಗೆ ಗೊತ್ತಾದದ್ದು ತಡವಾಗಿ, ಅದೂ ಒಂದು ಮೇಕೆಮರಿಯಿಂದ.

ಎರಡು ವರ್ಷದ ಹಿಂದೆ ನಮ್ಮ ಮೇಕೆ ಎರಡು ಮರಿ ಹಾಕಿತು. ಒಂದರ ಕತ್ತಿನಲ್ಲಿ ನಿಂಬೆಹಣ್ಣಿನಷ್ಟು ಗಂಟು, ಮೈಮೇಲೆ ಕೂದಲೇ ಇಲ್ಲ. ಮಾರನೇ ದಿನ ಸತ್ತೇಹೋಯಿತು. ಇನ್ನೊಂದಕ್ಕೆ ಎದ್ದು ನಿಲ್ಲೋಕೂ ತ್ರಾಣವಿರಲಿಲ್ಲ. ನಮ್ಮವ್ವ ದಿನಾ ಥೈರಾಯ್ಡ್ ಮಾತ್ರೆ ತಗೊಳ್ಳೋರು. “ನಂಗೆ ಒಗ್ಗಿರೋ ಮಾತ್ರೆ ಮರಿಗೂ ಒಗ್ಗಲ್ವೇನಪ್ಪಾ? ಒಂದು ಚೂರು ಅರೆದು ಹಾಕೋಣ” ಅಂದರು. ದನದ ಡಾಕ್ಟರು ತಡೆದರು. ತಾಯಿಗೆ ಅಯೋಡಿನ್ ಸಾಲದೆ ಹೀಗಾಗಿದೆ, ತಾಯಿಗೆ ಅಯೋಡಿನ್ ಇರೋ ಉಪ್ಪು ಕೊಡಿ, ಎಳೇ ಮೈಗೆ ಅಳತೆ ತಪ್ಪಿದ ಮಾತ್ರೆ ಬೇಡ ಅಂದರು. ಯಾಕೆ ಬೇಡ ಅಂತ ಹುಡುಕಿದಾಗ ಸಿಕ್ಕಿದ್ದೇ ಈ ಚರಿತ್ರೆ.

1912ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಕುದುರೆಯ ಥೈರಾಯ್ಡ್ ತಿನ್ನಿಸಿದರು. ಅವು ಬೆಳೆಯೋ ಮೊದಲೇ ಕಾಲು ಮೂಡಿ, ನೊಣದಷ್ಟು ಪುಟ್ಟ ಕಪ್ಪೆಗಳಾದವು. ನಮ್ಮ ಗದ್ದೆಯ ನೀರಲ್ಲಿ ಮಕ್ಕಳು ಹಿಡಿಯುವ ಗೊದಮೊಟ್ಟೆಯ ಮೈಯಲ್ಲೂ ಇದೇ ಹಾರ್ಮೋನು ಕೆಲಸ ಮಾಡೋದು. ಬೆಳೆಯುವ ಮೈಗೆ ‘ಯಾವಾಗ’ ಅಂತ ಹೇಳೋದೇ ಅದರ ಕೆಲಸ ಅಂತ ಅಲ್ಲಿಂದ ತಿಳಿಯಿತು.

1914ರ ಕ್ರಿಸ್‌ಮಸ್ ದಿನ ಅಮೆರಿಕದ ಕೆಂಡಾಲ್ ಆ ಹಾರ್ಮೋನನ್ನು ಹರಳಾಗಿ ಬೇರ್ಪಡಿಸಿದರು. ಮುಂದೆ 33 ಗ್ರಾಂ ಕೂಡಿಸೋಕೆ ಸುಮಾರು 3 ಟನ್ ಹಂದಿಯ ಥೈರಾಯ್ಡ್ ಬೇಕಾಯಿತು! ಇದೇ ಕೆಂಡಾಲ್ ಆಮೇಲೆ ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಕೈಹಾಕಿದರು. 1950ರಲ್ಲಿ ಹೆಂಚ್, ರೈಕ್‌ಸ್ಟೈನ್ ಜೊತೆ ನೊಬೆಲ್ ಬಂದದ್ದು ಅದಕ್ಕೆ. ಎರಡು ಗ್ರಂಥಿಗಳನ್ನೂ ಒಬ್ಬನೇ ಮನುಷ್ಯ ಅರೆದು ನೋಡಿದರೂ, ಅವುಗಳ ನಡುವಿನ ಮಾತುಕತೆ ಗೊತ್ತಾದದ್ದು ಬೇರೆಯವರಿಂದ.

ಎಳೇ ಇಲಿಯ ಅಡ್ರಿನಲ್ ಒಳಗೆ ಸ್ವಲ್ಪ ಕಾಲ ಮಾತ್ರ ಇರೋ ಒಂದು ಪದರ ಉಂಟು. ಗಂಡಿನಲ್ಲಿ ಪ್ರಾಯಕ್ಕೆ ಬರುವಾಗ, ಹೆಣ್ಣಿನಲ್ಲಿ ಮೊದಲ ಬಸಿರಿನಲ್ಲಿ ಅದು ಕರಗುತ್ತದೆ. ಹೋವರ್ಡ್ ಮಿಲ್ಲರ್ 1927ರಲ್ಲಿ ಇದನ್ನು ವಿವರಿಸಿದರು. ಅದಕ್ಕೆ ‘ಎಕ್ಸ್ ಪದರ’ ಅಂತ ಹೆಸರು ನಿಂತಿತು. ಮನುಷ್ಯರ ಕೂಸಿನಲ್ಲೂ ಇಂಥದೊಂದು ಪದರವಿದ್ದು, ಹುಟ್ಟಿದ ಕೆಲವು ತಿಂಗಳಲ್ಲಿ ಇಲ್ಲವಾಗುತ್ತದೆ. ಎಳೇ ಇಲಿಗೆ ಥೈರಾಯ್ಡ್ ಹಾರ್ಮೋನು ಹೆಚ್ಚಾಗಿ ಕೊಟ್ಟರೆ ಈ ಪದರ ಹೊತ್ತಿಗೆ ಸರಿಯಾಗಿ ಕರಗದೆ ಉಳಿಯುತ್ತದೆ, ಹೆಣ್ಣಿನಲ್ಲಿ ದಪ್ಪವಾಗುತ್ತದೆ ಅಂತ ಈ ಶತಮಾನದ ಪ್ರಯೋಗಗಳು ತೋರಿಸಿವೆ. ಹಾರ್ಮೋನನ್ನು ಹಿಡಿಯುವ ಕೊಂಡಿಯೊಂದನ್ನು ಇಲಿಯಲ್ಲಿ ಇಲ್ಲವಾಗಿಸಿದರೆ ಈ ಬದಲಾವಣೆ ಕಾಣುವುದಿಲ್ಲ.

ಕುರಿಯಲ್ಲಿ ಮಾತು ತಿರುಗುಮುರುಗು. ಈಯುವ ಹೊತ್ತು ಹತ್ತಿರವಾದಾಗ ಹೊಟ್ಟೆಯೊಳಗಿನ ಮರಿಯ ಅಡ್ರಿನಲ್ಲೇ ಕಾರ್ಟಿಸಾಲ್ ಏರಿಸಿ, ಥೈರಾಯ್ಡ್ ಹಾರ್ಮೋನನ್ನು ಚುರುಕು ರೂಪಕ್ಕೆ ತಿರುಗಿಸುತ್ತದೆ.

ಇಲಿ ಬೇರೆ, ಮೇಕೆ ಬೇರೆ, ನಿಜ. ಆದರೂ ಅವ್ವನ ಮಾತ್ರೆ ಡಬ್ಬಿಗೇ ಹೋಯಿತು. ತಾಯಿಗೆ ಅಯೋಡಿನ್ ಉಪ್ಪಿನ ನೆಕ್ಕುಗಟ್ಟಿ ಕಟ್ಟಿದೆವು. ಕಂಬಂನ ನಂದಗೋಪಾಲನ ಗುಡಿಯ ತಂಬಿರಾನ್ ದನಗಳ ಹಾಲು ಕರೆಯೋ ಪದ್ಧತಿಯಿಲ್ಲ, ಎಲ್ಲಾ ಕರುವಿಗೇ. ಅವ್ವನಿಗೆ ಅದು ನೆನಪಾಗಿ, ಆ ಮೇಕೆಯ ಹಾಲು ಯಾರೂ ಮುಟ್ಟಬಾರದು ಅಂದರು. ಉಳಿದ ಮರಿ ಒಂಬತ್ತನೇ ದಿನ ತಾನೇ ಎದ್ದು ಕೆಚ್ಚಲು ಹಿಡಿಯಿತು. ಈ ಸಲ ಅದೇ ಗಬ್ಬವಾಗಿದೆ.