ನರ್ತಕರ ತೊಡೆಸಂದಿನ ನೋವು: ಒಂದು ಐತಿಹಾಸಿಕ ಟಿಪ್ಪಣಿ

ಬ್ಯಾಲೆ ನರ್ತಕರ ತೊಡೆಸಂದಿನ ನೋವಿನ ಚರಿತ್ರೆಯನ್ನು ನಾವು ವೈದ್ಯರಿಂದಲ್ಲ, ಒಬ್ಬ ನೃತ್ಯಾಚಾರ್ಯನಿಂದ ಆರಂಭಿಸಬೇಕಾಗುತ್ತದೆ. ಕಾಲುಗಳನ್ನು ಹೊರಕ್ಕೆ ತಿರುಗಿಸಿ ನಿಲ್ಲುವುದು ಆ ನೃತ್ಯದ ಮೂಲನಿಯಮ. ಹದಿನೆಂಟನೆಯ ಶತಮಾನದಲ್ಲಿ ಶಿಷ್ಯರನ್ನು ಇದಕ್ಕೆ ಒಗ್ಗಿಸಲು ಯಂತ್ರವೊಂದನ್ನು ಬಳಸುತ್ತಿದ್ದುದುಂಟು. ಫ್ರಾನ್ಸಿನ ನೊವೇರ್ 1760ರ ತನ್ನ ಪತ್ರಗಳಲ್ಲಿ ಅದನ್ನು ಖಂಡಿಸಿ, ಯಂತ್ರವು ಅಂಗವನ್ನು ಊನಗೊಳಿಸುವುದೆಂದೂ ತಿರುವು ತೊಡೆಯ ಬುಡದಿಂದ, ಅಭ್ಯಾಸಬಲದಿಂದಲೇ ಬರತಕ್ಕದ್ದೆಂದೂ ವಾದಿಸಿದನು. ವೈದ್ಯಶಾಸ್ತ್ರ ಈ ಮಾತಿನ ಬಳಿಗೆ ಬಂದುದು ಬಹಳ ತಡವಾಗಿ. 2003ರಲ್ಲಿ ಗಾನ್ಸ್ ಮತ್ತು ಸಂಗಡಿಗರು, ತೊಡೆಮೂಳೆಯ ಕೊರಳು ಕೀಲುಗುಳಿಯ ಅಂಚನ್ನು ತಾಕಿ ಕೀಲು ಸವೆಯುವ ಬಗೆಯನ್ನು ವಿವರಿಸಿದರು. 2011ರಲ್ಲಿ ಜಿನೀವಾದ ಸಂಶೋಧಕರು, ಮೂಳೆಯ ಆಕಾರ ಸಹಜವಾಗಿದ್ದ ನರ್ತಕಿಯರಲ್ಲಿಯೂ ಅತಿಯಾದ ಭಂಗಿಗಳಲ್ಲಿ ಈ ತಾಕುವಿಕೆಯನ್ನು ಕಂಡರು. ಎಂದ ಮೇಲೆ ಚಿತ್ರವೊಂದನ್ನೇ ನೆಚ್ಚಿ ರೋಗನಿರ್ಣಯ ಮಾಡಲಾಗದು; ನೋವು ಯಾವ ಭಂಗಿಯಲ್ಲಿ ಹುಟ್ಟುವುದೆಂದು ನರ್ತಕಿಯನ್ನೇ ಕೇಳಬೇಕು. ಪುನಶ್ಚೇತನದಲ್ಲಿಯೂ ಮೊದಲ ಕೆಲಸ, ಪಾದದಿಂದ ಬಲವಂತವಾಗಿ ತಿರುಚುವುದನ್ನು ಬಿಡಿಸಿ, ಸೊಂಟದ ಒಳಸ್ನಾಯುಗಳು ತಾಳುವಷ್ಟೇ ತಿರುವನ್ನು ಕಲಿಸುವುದು.