ಅಕ್ಷರವಿದ್ಯೆಯ ಒಂದು ಗುರುಪರಂಪರೆ: ಲಂಡನ್ನಿನ ಕಲಾಶಾಲೆಯಿಂದ ರೀಡ್ ಕಾಲೇಜಿನವರೆಗೆ

೧

ವರ್ಣವೂ ಲಿಪಿಯೂ ಒಂದೇ ಅಲ್ಲವೆಂಬುದು ಶಾಸ್ತ್ರಜ್ಞರಿಗೆ ತಿಳಿದ ಸಂಗತಿ. ವರ್ಣವು ಕಿವಿಗೆ ಗೋಚರವಾದುದು. ಲಿಪಿಯು ಕಣ್ಣಿಗೆ ಗೋಚರವಾದುದು. ವರ್ಣದ ಉತ್ಪತ್ತಿಯನ್ನು ಸ್ಥಾನ, ಕರಣ, ಪ್ರಯತ್ನಗಳೆಂಬ ಕಾರಣಗಳಿಂದ ವಿವರಿಸುವ ಶಿಕ್ಷಾಶಾಸ್ತ್ರವು ಭಾರತದಲ್ಲಿ ವೇದಾಂಗಗಳೊಳಗೆ ಒಂದೆಂದು ಬಹು ಪ್ರಾಚೀನ ಕಾಲದಿಂದಲೂ ಮನ್ನಣೆ ಪಡೆದಿದೆ. ಆದರೆ ಲಿಪಿಯ ಉತ್ಪತ್ತಿಯನ್ನೂ ಹಾಗೆಯೇ ಕಾರಣಮುಖದಿಂದ ಪಾಠ ಹೇಳಬಹುದೆಂಬ ವಿಚಾರವು ವಿದ್ಯಾಲಯಗಳಲ್ಲಿ ನೆಲೆಗೊಂಡುದು ತೀರ ಈಚೆಗೆ. ೧೮೯೯ರಲ್ಲಿ ಲಂಡನ್ ನಗರದ ಒಂದು ಕಲಾಶಾಲೆಯಲ್ಲಿ ಆರಂಭವಾದ ಪಾಠವು ಈ ವಿಚಾರಕ್ಕೆ ಆಧುನಿಕ ಕಾಲದ ಮೂಲವೆಂದು ಹೇಳಬಹುದು. ಆ ಪಾಠವು ಗ್ರಂಥದ್ವಾರವಾಗಿಯೂ ಶಿಷ್ಯರ ದ್ವಾರವಾಗಿಯೂ ಹರಿದು, ಸೀಸದ ಮೊಳೆಗಳ ಯುಗವನ್ನು ದಾಟಿ, ಗಣಕಯಂತ್ರದ ಅಕ್ಷರಗಳವರೆಗೆ ಬಂದ ಬಗೆಯನ್ನು ನಿರೂಪಿಸುವುದೂ, ಅದರಿಂದ ಕನ್ನಡ ಲಿಪಿಯ ಅಭ್ಯಾಸಕ್ಕೆ ದೊರೆಯುವ ಪಾಠವನ್ನು ಸೂಚಿಸುವುದೂ ಈ ಲೇಖನದ ಉದ್ದೇಶ.

೨

ಹದಿನೈದನೆಯ ಶತಮಾನದ ನಡುವಿನಲ್ಲಿ ಗುಟೆನ್‌ಬರ್ಗನು ಮುದ್ರಣವನ್ನು ಆರಂಭಿಸಿದಂದಿನಿಂದ ಹತ್ತೊಂಬತ್ತನೆಯ ಶತಮಾನದ ಕಡೆಯವರೆಗೆ ಯೂರೋಪಿನಲ್ಲಿ ಮೊಳೆಯ ವಿದ್ಯೆಯು ಕಾರ್ಯಾಗಾರದ ವಿದ್ಯೆಯಾಗಿದ್ದಿತು. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುವುಮುರುವಾಗಿ ಕೆತ್ತಿ, ಅದನ್ನು ತಾಮ್ರದಲ್ಲಿ ಒತ್ತಿ ಪಡಿಯಚ್ಚು ಮಾಡಿ, ಅದರಲ್ಲಿ ಸೀಸದ ಮಿಶ್ರಲೋಹವನ್ನೆರೆದು ಮೊಳೆಯನ್ನು ತೆಗೆಯುತ್ತಿದ್ದರು. ಕೆತ್ತುವವನೇ ಅಕ್ಷರದ ರೂಪವನ್ನು ನಿರ್ಣಯಿಸುವವನೂ ಆಗಿದ್ದುದರಿಂದ ಆ ಜ್ಞಾನವು ಯಜಮಾನನಿಂದ ಕೆಲಸ ಕಲಿಯುವ ಹುಡುಗನಿಗೆ ಕೈಯಿಂದ ಕೈಗೆ ಸಾಗುತ್ತಿದ್ದಿತು. ಅದಕ್ಕೆ ಬೇರೆ ಪಾಠಶಾಲೆಯ ಆವಶ್ಯಕತೆ ಇರಲಿಲ್ಲ.

೧೮೮೫ರಲ್ಲಿ ಅಮೆರಿಕದ ಲಿನ್ ಬಾಯ್ಡ್ ಬೆಂಟನ್ನರು ಅಕ್ಷರ ಕೆತ್ತುವ ಯಂತ್ರಕ್ಕೆ ಹಕ್ಕುಪತ್ರ ಪಡೆದರು. ಕಾಗದದ ಮೇಲೆ ದೊಡ್ಡದಾಗಿ ಬರೆದ ಚಿತ್ರವನ್ನು ಕಿರಿದುಮಾಡಿ ಲೋಹದಲ್ಲಿ ಕೊರೆಯುವುದು ಈ ಯಂತ್ರದ ಕೆಲಸ. ೧೮೮೬ರಲ್ಲಿ ಸಾಲುಸಾಲಾಗಿ ಅಕ್ಷರಗಳನ್ನೆರೆಯುವ ಲಿನೋಟೈಪ್ ಯಂತ್ರವು ನ್ಯೂಯಾರ್ಕಿನ ವೃತ್ತಪತ್ರಿಕೆಯೊಂದರಲ್ಲಿ ಬಳಕೆಗೆ ಬಂದಿತು. ಇವುಗಳಿಂದ ಅಕ್ಷರವನ್ನು ಬರೆಯುವವನು ಬೇರೆ, ಅದನ್ನು ಲೋಹದಲ್ಲಿ ಮೂಡಿಸುವವನು ಬೇರೆ ಎಂಬ ವಿಭಾಗವುಂಟಾಯಿತು. ಕೈಯ ಜ್ಞಾನವು ಯಂತ್ರದ ಪಾಲಾಗಲು, ರೂಪದ ಜ್ಞಾನವು ಆಶ್ರಯವಿಲ್ಲದೆ ನಿಂತಿತು. ಅಕ್ಷರವಿದ್ಯೆಯು ವಿದ್ಯಾಲಯದ ವಿಷಯವಾದುದಕ್ಕೆ ಇದು ಮುಖ್ಯವಾದೊಂದು ಕಾರಣ.

ಮತ್ತೊಂದು ಕಾರಣವು ಅಭಿರುಚಿಯದು. ೧೮೮೮ರ ನವೆಂಬರ್ ೧೫ರಂದು ಎಮರಿ ವಾಕರರು ಲಂಡನ್ನಿನಲ್ಲಿ ಪ್ರಾಚೀನ ಮುದ್ರಿತ ಗ್ರಂಥಗಳ ಪುಟಗಳನ್ನು ದೀಪಚಿತ್ರಗಳಿಂದ ಹಿಗ್ಗಿಸಿ ತೋರಿಸುತ್ತ ಒಂದು ಉಪನ್ಯಾಸ ಮಾಡಿದರು. ಅದರಿಂದ ಪ್ರೇರಿತರಾಗಿ ವಿಲಿಯಂ ಮಾರಿಸರು ೧೮೯೧ರಲ್ಲಿ ಕೆಲ್ಮ್‌ಸ್ಕಾಟ್ ಮುದ್ರಣಾಲಯವನ್ನು ಸ್ಥಾಪಿಸಿ ತಾವೇ ಮೂರು ಬಗೆಯ ಮೊಳೆಗಳನ್ನು ರೂಪಿಸಿದರು. ಮಾರಿಸರು ೧೮೯೬ರಲ್ಲಿ ಕಾಲವಾದರು; ೧೮೯೮ರಲ್ಲಿ ಮುದ್ರಣಾಲಯವೂ ನಿಂತಿತು. ಆ ಮುದ್ರಣಾಲಯವು ಗ್ರಂಥಗಳನ್ನು ಬಿಟ್ಟುಹೋಯಿತೇ ಹೊರತು ಪಾಠಕ್ರಮವನ್ನು ಬಿಟ್ಟುಹೋಗಲಿಲ್ಲ.

೩

ಮಾರಿಸರು ಕಾಲವಾದ ವರ್ಷದಲ್ಲಿಯೇ ಲಂಡನ್ ಪ್ರಾಂತಸಭೆಯು ಕಲೆ ಮತ್ತು ಕಸುಬುಗಳ ಕೇಂದ್ರ ಶಾಲೆಯನ್ನು ತೆರೆಯಿತು. ಅದರ ನಿರ್ದೇಶಕರಲ್ಲೊಬ್ಬರಾದ ಡಬ್ಲ್ಯು. ಆರ್. ಲೆಥಬಿಯವರು ವಾಸ್ತುಶಿಲ್ಪಿಗಳು. ವಸ್ತುವಿನ ರೂಪವು ಅದನ್ನು ಮಾಡುವ ಕ್ರಮದಿಂದಲೇ ಹುಟ್ಟಬೇಕೆಂಬುದು ಅವರ ಮತ. ಅಕ್ಷರವನ್ನು ಕಲಿಸಲು ಅವರು ಆರಿಸಿದುದು ಹೆಸರಾಂತ ಮುದ್ರಕರನ್ನಲ್ಲ, ವೈದ್ಯಶಾಸ್ತ್ರದ ವ್ಯಾಸಂಗವನ್ನು ಅನಾರೋಗ್ಯದಿಂದ ನಡುವೆ ಬಿಟ್ಟುಬಂದ ಎಡ್ವರ್ಡ್ ಜಾನ್‌ಸ್ಟನ್ ಎಂಬ ತರುಣರನ್ನು. ಜಾನ್‌ಸ್ಟನ್ನರು ೧೮೭೨ರಲ್ಲಿ ದಕ್ಷಿಣ ಅಮೆರಿಕದ ಉರುಗ್ವೆ ದೇಶದಲ್ಲಿ ಜನಿಸಿದವರು. ಮಾರಿಸರ ಕಾರ್ಯದರ್ಶಿಯಾಗಿದ್ದ ಸಿಡ್ನಿ ಕಾಕರೆಲ್ಲರ ಮಾರ್ಗದರ್ಶನದಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಹಸ್ತಪ್ರತಿಗಳನ್ನು ಅವರು ಪರಿಶೀಲಿಸಿದರು. ಹತ್ತನೆಯ ಶತಮಾನದ ಒಂದು ಸ್ತೋತ್ರಗ್ರಂಥದ ಬರವಣಿಗೆಯನ್ನು ಕ್ರಮೇಣ ತಮ್ಮ ಬೋಧನೆಗೆ ಆಧಾರವನ್ನಾಗಿ ಮಾಡಿಕೊಂಡರು.

೧೮೯೯ರ ಸೆಪ್ಟೆಂಬರಿನಲ್ಲಿ ಪಾಠವು ಆರಂಭವಾಯಿತು. ಅದುವರೆಗೆ ಅಕ್ಷರ ಬರೆಯುವುದೆಂದರೆ ಹೊರಗೆರೆಯನ್ನೆಳೆದು ಒಳಗೆ ಬಣ್ಣ ತುಂಬುವುದೆಂಬ ರೂಢಿಯಿದ್ದಿತು. ಜಾನ್‌ಸ್ಟನ್ನರು ಆ ರೂಢಿಯನ್ನು ಬಿಟ್ಟು, ಲಾಳದ ಕಡ್ಡಿಯನ್ನೂ ಹೆಬ್ಬಾತಿನ ಗರಿಯನ್ನೂ ಅಗಲವಾದ ಮೊನೆ ಬರುವಂತೆ ಕತ್ತರಿಸುವುದನ್ನು ಮೊದಲು ಕಲಿಸಿದರು. ಅಂಥ ಮೊನೆಯನ್ನು ಒಂದೇ ಕೋನದಲ್ಲಿ ಹಿಡಿದು ಬರೆದರೆ ದಪ್ಪಗೆರೆಯೂ ಸಣ್ಣಗೆರೆಯೂ ಬರೆಯುವವನ ಇಚ್ಛೆಯಿಂದಲ್ಲ, ಲೇಖನಿಯ ಚಲನದಿಂದಲೇ ಉಂಟಾಗುತ್ತವೆ. ಅಕ್ಷರದ ಎತ್ತರವನ್ನು ಅಳೆಯುವುದಕ್ಕೂ ಮೊನೆಯ ಅಗಲವೇ ಮಾನ. ಶಿಕ್ಷಾಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಬರೆಯುವ ತಲವು ಸ್ಥಾನ, ಲೇಖನಿಯು ಕರಣ, ಕೈಯ ಚಲನವು ಪ್ರಯತ್ನ. ಈ ಮೂರನ್ನು ತಿಳಿದವನಿಗೆ ರೂಪವನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಸೂತ್ರವನ್ನರಿತವನಿಗೆ ಉದಾಹರಣೆಗಳು ತಾವಾಗಿ ಸಿದ್ಧಿಸುವಂತೆ ರೂಪವೂ ಸಿದ್ಧಿಸುತ್ತದೆ.

ಈ ಉಪದೇಶವು ೧೯೦೬ರಲ್ಲಿ ಗ್ರಂಥರೂಪವಾಗಿ ಪ್ರಕಟವಾಯಿತು. ಬರವಣಿಗೆ, ಅಲಂಕರಣ, ಅಕ್ಷರವಿನ್ಯಾಸಗಳೆಂಬ ಮೂರು ವಿಷಯಗಳನ್ನೊಳಗೊಂಡ ಆ ಕೈಪಿಡಿಯಲ್ಲಿ ಅಕ್ಷರದ ಗುಣಗಳನ್ನು ವಾಚ್ಯತೆ, ಸೌಂದರ್ಯ, ಸ್ವಭಾವ ಎಂದು ಮೂರಾಗಿ ವಿಂಗಡಿಸಿ, ಒಂದೊಂದನ್ನೂ ಮತ್ತೆ ಮೂರಾಗಿ ಒಡೆದು ತೋರಿಸಿದೆ. ಸರಳತೆ, ವಿವಿಕ್ತತೆ, ಪ್ರಮಾಣ ಇವು ವಾಚ್ಯತೆಯ ಭೇದಗಳು. ಕಾವ್ಯಕ್ಕೆ ಹತ್ತು ಗುಣಗಳನ್ನು ಹೇಳಿದ ದಂಡಿಯ ಮಾರ್ಗವನ್ನು ಬಲ್ಲವರಿಗೆ ಈ ವಿಂಗಡಣೆಯು ಅಪರಿಚಿತವೆನಿಸದು. ಗುಣವು ಹೊರಗಿನಿಂದ ತಂದಿಡುವ ಆಭರಣವಲ್ಲ, ರಚನೆಯಲ್ಲಿಯೇ ಇರತಕ್ಕುದೆಂಬ ನಿಲುವು ಎರಡು ಕಡೆಯೂ ಕಂಡುಬರುತ್ತದೆ.

೪

ಗುರುವಿನ ಯೋಗ್ಯತೆಯು ಶಿಷ್ಯರಿಂದ ತಿಳಿಯುವುದು. ವಾಸ್ತುಶಿಲ್ಪಿಯೊಬ್ಬರ ಕಚೇರಿಯಲ್ಲಿ ಕೆಲಸ ಕಲಿಯುತ್ತಿದ್ದ ಎರಿಕ್ ಗಿಲ್ಲರು ಈ ತರಗತಿಗೆ ಬಂದು, ಮುಂದೆ ಶಿಲಾಕ್ಷರ ಕೆತ್ತನೆಯಲ್ಲಿ ಪ್ರಸಿದ್ಧರಾದರು; ಅವರ ಹೆಸರನ್ನೇ ಹೊತ್ತ ಮುದ್ರಾಕ್ಷರವು ೧೯೨೮ರಲ್ಲಿ ಹೊರಬಂದಿತು. ಗ್ರೇಲಿ ಹ್ಯೂಯಿಟ್ಟರು ಗುರುವಿನ ಪಾಠವನ್ನೇ ಮುಂದುವರಿಸಿದರು. ಡವ್ಸ್ ಮುದ್ರಣಾಲಯದವರು ೧೯೦೩ರಿಂದ ೧೯೦೫ರವರೆಗೆ ಐದು ಸಂಪುಟಗಳಲ್ಲಿ ಪ್ರಕಟಿಸಿದ ಬೈಬಲ್ಲಿಗೆ ಜಾನ್‌ಸ್ಟನ್ನರು ಆದ್ಯಕ್ಷರಗಳನ್ನು ರೂಪಿಸಿದರು. ಲೇಖನಿಯ ಅಕ್ಷರವೂ ಮೊಳೆಯ ಅಕ್ಷರವೂ ಒಂದೇ ಪುಟದಲ್ಲಿ ಕೂಡಿನಿಂತವು. ಅಲ್ಲಿ ಮೊಳೆ ಜೋಡಿಸುತ್ತಿದ್ದ ಜೆ. ಎಚ್. ಮೇಸನ್ನರು ಹದಿಮೂರನೆಯ ವಯಸ್ಸಿನಲ್ಲಿಯೇ ಶಾಲೆ ಬಿಟ್ಟು, ಲ್ಯಾಟಿನ್ ಗ್ರೀಕ್ ಭಾಷೆಗಳನ್ನು ಸ್ವಪ್ರಯತ್ನದಿಂದ ಕಲಿತವರು. ೧೯೦೫ರಿಂದ ಅವರು ಅದೇ ಕೇಂದ್ರ ಶಾಲೆಯಲ್ಲಿ ಮುದ್ರಣವಿದ್ಯೆಯನ್ನು ಬೋಧಿಸಿದರು. ಹೀಗೆ ಬರೆಯುವವರಿಗೂ ಮೊಳೆ ಜೋಡಿಸುವವರಿಗೂ ಒಂದೇ ಸೂರಿನಡಿಯಲ್ಲಿ ಪಾಠ ನಡೆಯಿತು.

ಜರ್ಮನಿಯ ಆನಾ ಸೈಮನ್ಸ್ ಎಂಬಾಕೆಯು ಲಂಡನ್ನಿಗೆ ಬಂದು ಜಾನ್‌ಸ್ಟನ್ನರಲ್ಲಿ ಕಲಿತು, ೧೯೧೦ರಲ್ಲಿ ಅವರ ಕೈಪಿಡಿಯನ್ನು ಜರ್ಮನ್ ಭಾಷೆಗೆ ಪರಿವರ್ತಿಸಿದರು. ೧೯೩೦ರ ದಶಕದಲ್ಲಿ ನ್ಯೂರೆಂಬರ್ಗಿನ ಹರ್ಮನ್ ಜಾಫರು ಜಾನ್‌ಸ್ಟನ್ನರ ಮತ್ತು ರುಡಾಲ್ಫ್ ಕಾಖರ ಗ್ರಂಥಗಳನ್ನು ಮುಂದಿಟ್ಟುಕೊಂಡು ಏಕಲವ್ಯನಂತೆ ತಾವೇ ಅಭ್ಯಾಸ ಮಾಡಿ, ಆ ಶತಮಾನದ ಶ್ರೇಷ್ಠ ಮುದ್ರಾಕ್ಷರಕಾರರಲ್ಲೊಬ್ಬರೆನಿಸಿದರು.

ಜಾನ್‌ಸ್ಟನ್ನರೇ ಲಂಡನ್ನಿನ ಸುರಂಗ ರೈಲುಮಾರ್ಗಕ್ಕೆ ೧೯೧೬ರಲ್ಲಿ ರೂಪಿಸಿಕೊಟ್ಟ ಅಕ್ಷರಮಾಲೆಯನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಅದರಲ್ಲಿ ತುದಿಗಳ ಕಿರುಗೆರೆಗಳಿಲ್ಲ. ದಪ್ಪ ಸಣ್ಣಗಳ ಭೇದವೂ ಕಣ್ಣಿಗೆ ಕಾಣುವಷ್ಟಿಲ್ಲ. ಲೇಖನಿಯ ಉಪದೇಶಕರು ಲೇಖನಿಯನ್ನೇ ಕೈಬಿಟ್ಟರೆಂಬ ಆಕ್ಷೇಪಕ್ಕೆ ಇದು ಎಡೆಗೊಡಬಹುದು. ಆದರೆ ಅದರ ದೊಡ್ಡಕ್ಷರಗಳ ಪ್ರಮಾಣವು ಪ್ರಾಚೀನ ರೋಮಿನ ಶಿಲಾಶಾಸನಗಳದು. ಚಿಕ್ಕಕ್ಷರಗಳಲ್ಲಿ ಎರಡರ ಮೇಲಿರುವ ಬಿಂದುವು ದುಂಡಾಗಿರದೆ ವಜ್ರಾಕೃತಿಯಲ್ಲಿರುವುದು. ಅಗಲ ಮೊನೆಯ ಲೇಖನಿಯನ್ನು ಓರೆಯಾಗಿ ಹಿಡಿದು ಒತ್ತಿದರೆ ಮೂಡುವ ಚುಕ್ಕೆ ಅದೇ. ಕರಣವು ಮರೆಯಾದರೂ ಅದರ ಸಂಸ್ಕಾರವು ರೂಪದಲ್ಲಿ ಉಳಿಯಿತು.

೫

ಈ ಪರಂಪರೆಯ ಮತ್ತೊಂದು ಶಾಖೆಯು ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕದ ಪಶ್ಚಿಮ ತೀರದಲ್ಲಿ ಬೇರೂರಿತು. ಆರಿಗನ್ ಸಂಸ್ಥಾನದ ಪೋರ್ಟ್‌ಲ್ಯಾಂಡ್ ನಗರದ ರೀಡ್ ಕಾಲೇಜಿನಲ್ಲಿ ೧೯೨೯ರಿಂದ ಆಂಗ್ಲ ಸಾಹಿತ್ಯವನ್ನು ಬೋಧಿಸುತ್ತಿದ್ದ ಲಾಯ್ಡ್ ರೆನಾಲ್ಡ್ಸರು ಜಾನ್‌ಸ್ಟನ್ನರ ಕೈಪಿಡಿಯಿಂದ ಬರವಣಿಗೆಯನ್ನು ತಾವೇ ಕಲಿತರು. ೧೯೪೯ರಿಂದ ಸುಲೇಖನವನ್ನು ಕಾಲೇಜಿನ ಪಾಠವನ್ನಾಗಿ ಮಾಡಿ, ೧೯೬೯ರಲ್ಲಿ ನಿವೃತ್ತರಾಗುವವರೆಗೆ ಕಲಿಸಿದರು. ಗ್ರಂಥದ ಅರ್ಥವನ್ನು ಓದಿಸುವವರೇ ಅದರ ಅಕ್ಷರವನ್ನು ನೋಡುವುದನ್ನೂ ಕಲಿಸಿದರೆಂಬುದು ಸಾಹಿತ್ಯಾಧ್ಯಾಪಕರು ಗಮನಿಸತಕ್ಕ ವಿಶೇಷ. ಅವರ ತರುವಾಯ, ಟ್ರ್ಯಾಪಿಸ್ಟ್ ಪಂಥದ ಸನ್ಯಾಸಿಯಾಗಿದ್ದ ರಾಬರ್ಟ್ ಪಲಡೀನೋ ಎಂಬವರು ೧೯೮೪ರವರೆಗೆ ಆ ಪಾಠವನ್ನು ನಡೆಸಿದರು.

ಆ ಕಾಲೇಜಿನಲ್ಲಿ ಅಕ್ಷರಸಂಸ್ಕಾರ ಪಡೆದವರಲ್ಲಿ ಚಾರ್ಲ್ಸ್ ಬಿಗೆಲೋ, ಕ್ರಿಸ್ ಹೋಮ್ಸ್, ಸಮ್ನರ್ ಸ್ಟೋನ್ ಎಂಬ ಮೂವರು ಗಣಕಯಂತ್ರದ ಮುದ್ರಾಕ್ಷರ ಚರಿತ್ರೆಯಲ್ಲಿ ಮುಖ್ಯರು. ಬಿಗೆಲೋ ಮತ್ತು ಹೋಮ್ಸ್ ಇಬ್ಬರೂ ಸೇರಿ ೧೯೮೦ರ ದಶಕದ ನಡುವಿನಲ್ಲಿ ಲ್ಯೂಸಿಡಾ ಎಂಬ ಅಕ್ಷರಗಳನ್ನು ರೂಪಿಸಿದರು. ಸ್ಟೋನರು ಅಡೋಬಿ ಸಂಸ್ಥೆಯ ಅಕ್ಷರವಿಭಾಗದ ಮೊದಲ ನಿರ್ದೇಶಕರಾಗಿ, ೧೯೮೭ರಲ್ಲಿ ತಮ್ಮ ಹೆಸರಿನ ಅಕ್ಷರಕುಟುಂಬವನ್ನು ಹೊರತಂದರು.

ಇವರೆಲ್ಲರಿಗಿಂತ ಹೆಚ್ಚು ಲೋಕವಿಖ್ಯಾತರಾದ ವಿದ್ಯಾರ್ಥಿ ಸ್ಟೀವ್ ಜಾಬ್ಸರು. ೧೯೭೨ರಲ್ಲಿ ಕಾಲೇಜಿಗೆ ಸೇರಿ, ಆರು ತಿಂಗಳಲ್ಲಿ ಕ್ರಮಬದ್ಧ ವ್ಯಾಸಂಗವನ್ನು ಬಿಟ್ಟ ಬಳಿಕವೂ ಅವರು ಪಲಡೀನೋ ಅವರ ಪಾಠವನ್ನು ಕೇಳಿದರು. ಅಕ್ಷರ ಅಕ್ಷರಗಳ ನಡುವಿನ ಅಂತರವನ್ನು ಹೊಂದಿಸುವ ಬಗೆಯನ್ನು ಅಲ್ಲಿ ಕಲಿತುದಾಗಿಯೂ, ಹತ್ತು ವರ್ಷಗಳ ಮೇಲೆ ಆ ಜ್ಞಾನವು ಮ್ಯಾಕಿಂಟಾಷ್ ಗಣಕಯಂತ್ರದಲ್ಲಿ ಫಲಿಸಿದುದಾಗಿಯೂ ಅವರು ೨೦೦೫ರ ಜೂನ್ ೧೨ರಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಪದವೀದಾನ ಸಮಾರಂಭದಲ್ಲಿ ಹೇಳಿದರು. ಈ ಮಾತು ಬಹಳ ಪ್ರಚಾರಕ್ಕೆ ಬಂದು, ರೀಡ್ ಕಾಲೇಜಿನ ಆ ಪಾಠವಿಲ್ಲದಿದ್ದರೆ ಗಣಕಯಂತ್ರಗಳಲ್ಲಿ ಚೆಲುವಾದ ಅಕ್ಷರಗಳೇ ಇರುತ್ತಿರಲಿಲ್ಲವೆಂಬ ಐತಿಹ್ಯವು ಬೆಳೆದಿದೆ.

ಈ ಐತಿಹ್ಯವನ್ನು ಪೂರ್ತಿಯಾಗಿ ಒಪ್ಪಲಾಗದು. ೧೯೭೩ರಲ್ಲಿಯೇ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ಸಿದ್ಧವಾದ ಆಲ್ಟೋ ಎಂಬ ಗಣಕಯಂತ್ರವು ಬೇರೆಬೇರೆ ಅಗಲದ ಅಕ್ಷರಗಳನ್ನು ತೆರೆಯ ಮೇಲೆ ತೋರಿಸುತ್ತಿದ್ದಿತು. ಅಲ್ಲದೆ ಡೊನಾಲ್ಡ್ ಕನೂಥರು ತಮ್ಮ ಗ್ರಂಥದ ಕರಡಚ್ಚಿನಲ್ಲಿ ಅಕ್ಷರಗಳು ಕೆಟ್ಟಿರುವುದನ್ನು ಕಂಡು, ೧೯೭೭ರಲ್ಲಿ ಹೊಸ ಕ್ರಮವನ್ನು ರಚಿಸತೊಡಗಿದುದು ಸ್ವತಂತ್ರವಾದ ಪ್ರಯತ್ನ. ಆದರೆ ಸತ್ಯವು ಐತಿಹ್ಯಕ್ಕಿಂತ ಹೆಚ್ಚು ಸ್ವಾರಸ್ಯವಾಗಿದೆ. ಕನೂಥರು ಅಕ್ಷರನಿರ್ಮಾಣಕ್ಕಾಗಿ ರಚಿಸಿದ ಮೆಟಾಫಾಂಟ್ ಎಂಬ ಗಣಕಭಾಷೆಯಲ್ಲಿ ಅಕ್ಷರವನ್ನು ಹೊರಗೆರೆಯಿಂದಲೇ ಹೇಳಬೇಕಾಗಿಲ್ಲ. ಇಂಥ ಮೊನೆಯ ಲೇಖನಿಯು ಇಂಥ ಪಥದಲ್ಲಿ ಚಲಿಸಿತೆಂದು ಹೇಳಬಹುದು. ಜಾನ್‌ಸ್ಟನ್ನರು ಲಾಳದ ಕಡ್ಡಿಯಿಂದ ತೋರಿಸಿದ ಸೂತ್ರವೇ ಅದು. ಮುಂದೆ ಜಾಫರು ಗಣಿತದ ಮುದ್ರಾಕ್ಷರಗಳಿಗಾಗಿ ಕನೂಥರೊಡನೆ ಕೆಲಸ ಮಾಡಿದರು. ೧೯೮೨ರಲ್ಲಿ ಬಿಗೆಲೋ ಅವರೂ ಸ್ಟ್ಯಾನ್‌ಫರ್ಡಿಗೆ ಅಧ್ಯಾಪಕರಾಗಿ ಬಂದರು. ಲಂಡನ್ನಿನ ತರಗತಿಯಿಂದ ಕವಲೊಡೆದ ಎರಡು ಶಾಖೆಗಳು ಹೀಗೆ ಗಣಕಯಂತ್ರದ ಬಳಿ ಮತ್ತೆ ಕೂಡಿದವು.

ಮ್ಯಾಕಿಂಟಾಷ್ ಹೊರಬಂದ ೧೯೮೪ರಲ್ಲಿಯೇ ರೀಡ್ ಕಾಲೇಜಿನ ಸುಲೇಖನ ಪಾಠವು ನಿಂತಿತು. ಫಲವು ಜಗತ್ತಿಗೆ ಕಾಣಿಸಿದ ವರ್ಷದಲ್ಲಿಯೇ ಬೇರಿಗೆ ನೀರೆರೆಯುವುದು ನಿಂತುಹೋದುದು ವಿದ್ಯಾಲಯಗಳ ಲೆಕ್ಕಾಚಾರದ ಕುರಿತು ಯೋಚಿಸಬೇಕಾದ ಸಂಗತಿ. ಕಾಲೇಜಿಗೆ ಲಾಭವೇನೆಂದು ಆ ದಿನ ಕೇಳಿದ್ದರೆ ಯಾವ ಅಧ್ಯಾಪಕರೂ ಉತ್ತರ ಕೊಡಲಾರದ ಪಾಠವದು.

೬

ಕನ್ನಡ ಲಿಪಿಯ ವಿಷಯದಲ್ಲಿ ಈ ಚರಿತ್ರೆಯು ಏನನ್ನು ಹೇಳುತ್ತದೆ? ಕನ್ನಡದ ಮೊಳೆಗಳಿಗೂ ಎರಡು ಶತಮಾನಗಳ ಇತಿಹಾಸವಿದೆ. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು ೧೮೧೭ರಲ್ಲಿ ಸೆರಾಂಪುರದಲ್ಲಿ ಮುದ್ರಿತವಾಯಿತು; ೧೮೪೧ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಮುದ್ರಣಾಲಯವು ಸ್ಥಾಪಿತವಾಯಿತು; ಕಿಟ್ಟೆಲರ ನಿಘಂಟು ಅಲ್ಲಿಂದಲೇ ೧೮೯೪ರಲ್ಲಿ ಹೊರಬಂದಿತು. ಆದರೆ ಈ ಮೊಳೆಗಳ ವಿದ್ಯೆಯೂ ಬಹುಕಾಲ ಕಾರ್ಯಾಗಾರದ ವಿದ್ಯೆಯೇ ಆಗಿದ್ದಿತು. ಭಾರತೀಯ ಲಿಪಿಗಳ ವಿನ್ಯಾಸವನ್ನು ವಿದ್ಯಾಲಯದಲ್ಲಿ ಬೋಧಿಸಿದವರಲ್ಲಿ ಮುಂಬಯಿಯ ಔದ್ಯೋಗಿಕ ವಿನ್ಯಾಸ ಕೇಂದ್ರದ ಆರ್. ಕೆ. ಜೋಶಿಯವರು ಅಗ್ರಗಣ್ಯರು. ಅವರು ೨೦೦೮ರಲ್ಲಿ ಕಾಲವಾದರು.

ಜಾನ್‌ಸ್ಟನ್ನರ ಮಾರ್ಗವನ್ನು ಕನ್ನಡಕ್ಕೆ ಅನ್ವಯಿಸುವುದೆಂದರೆ ಅವರ ಲೇಖನಿಯ ಕೋನವನ್ನು ತಂದು ಕನ್ನಡದ ಮೇಲೆ ಹೇರುವುದಲ್ಲ. ರೋಮನ್ ಅಕ್ಷರದಲ್ಲಿ ದಪ್ಪವು ಬರುವ ಕಡೆಯಲ್ಲಿಯೇ ಕನ್ನಡದಲ್ಲಿಯೂ ಬರಬೇಕೆಂಬ ನಿಯಮವಿಲ್ಲ. ಕನ್ನಡಕ್ಕೆ ತನ್ನವೇ ಆದ ಕರಣಗಳಿವೆ. ಶಾಸನದ ಉಳಿ, ತಾಳೆಗರಿಯ ಕಂಟ, ಕಡತದ ಬಳಪ, ಕಾಗದದ ಲೆಕ್ಕಣಿಕೆ ಇವು ನಾಲ್ಕೂ ನಾಲ್ಕು ಬಗೆಯ ಗೆರೆಗಳನ್ನು ಮೂಡಿಸುತ್ತವೆ. ಕಂಟವು ಗರಿಯನ್ನು ಕೊರೆಯುವುದರಿಂದ ಅದರ ಗೆರೆಯು ಒಂದೇ ಸಮನಾಗಿರುವುದು. ನಾರಿನ ದಿಕ್ಕಿನಲ್ಲಿ ನೇರಗೆರೆಯನ್ನೆಳೆದರೆ ಗರಿಯು ಸೀಳುವ ಭಯವಿರುವುದರಿಂದ ಬರಹವು ದುಂಡಾಯಿತೆಂಬುದು ಪ್ರಸಿದ್ಧವಾದ ಮತ. ಹುಣಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು ಕಪ್ಪುಮಾಡಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆದ ವೇಗದ ಬರಹದ ಸ್ವರೂಪವೇ ಬೇರೆ. ತಲೆಕಟ್ಟು ಎಲ್ಲಿ ಆರಂಭವಾಗಬೇಕು, ಕೊಂಬು ಎಷ್ಟು ಸುತ್ತಬೇಕು, ಒತ್ತಕ್ಷರವು ಸಾಲಿನ ಕೆಳಗೆ ಎಷ್ಟು ಇಳಿಯಬೇಕು ಎಂಬ ಪ್ರಶ್ನೆಗಳಿಗೆ ಉತ್ತರವು ಈ ಕರಣಗಳ ಅಭ್ಯಾಸದಿಂದ ದೊರೆಯಬೇಕಾದುದು.

ಕನ್ನಡ ಲಿಪಿಯು ೧೯೯೧ರಲ್ಲಿ ಯೂನಿಕೋಡ್ ಸಂಕೇತಕ್ರಮದ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ಪಡೆಯಿತು. ಅದರಿಂದ ಅಕ್ಷರಕ್ಕೆ ಸಂಖ್ಯೆಯು ದೊರೆಯಿತು, ರೂಪವು ದೊರೆಯಲಿಲ್ಲ. ರೂಪವನ್ನು ಕೊಡಬೇಕಾದವರು ಮನುಷ್ಯರು. ಅವರು ಹೊರಗೆರೆಗಳನ್ನು ನಕಲುಮಾಡಿ ಕಲಿಯುವರೋ, ಕಾರಣವನ್ನರಿತು ಕಲಿಯುವರೋ ಎಂಬುದರ ಮೇಲೆ ಕನ್ನಡಿಗರು ಮುಂದೆ ದಿನವೂ ಓದುವ ಪುಟದ ಗುಣವು ನಿಂತಿದೆ. ಕನ್ನಡ ಎಂ.ಎ. ತರಗತಿಗಳಲ್ಲಿ ಗ್ರಂಥಸಂಪಾದನೆಗಾಗಿ ತಾಳೆಗರಿಯನ್ನು ಓದಲು ಕಲಿಯುವ ವಿದ್ಯಾರ್ಥಿಗಳಿಗೆ ಕಂಟವನ್ನು ಹಿಡಿದು ಬರೆಯುವ ಅಭ್ಯಾಸವನ್ನೂ ಮಾಡಿಸುವುದು ಈ ದಾರಿಯಲ್ಲಿ ಮೊದಲ ಹೆಜ್ಜೆಯಾಗಬಹುದು. ಲಿಪಿಯನ್ನು ಓದುವ ಪಾಠವೂ ಬರೆಯುವ ಪಾಠವೂ ಒಂದೇ ಕೋಣೆಯಲ್ಲಿ ನಡೆದರೆ, ಹಸ್ತಪ್ರತಿಯ ಶೋಧಕರಿಗೂ ಮುದ್ರಾಕ್ಷರದ ವಿನ್ಯಾಸಕಾರರಿಗೂ ಅದರಿಂದ ಪ್ರಯೋಜನವುಂಟು.